ಕಣ್ಣು ಕಾಣದವ ತಾನೇ ವಿಳಾಸ ಅಂಟಿಸಿ ಕಾಗದ ಕಳಿಸುವುದು ಹೇಗೆ? 84 ಕವರು ಉಂಟು, ಸಲಹೆ ಬೇಕು

ಹಳೆ ಎಕ್ಸ್‌ಚೇಂಜ್ · ಬಿಜೈ, ಮಂಗಳೂರು

ಎಲ್ಲರಿಗೂ ನಮಸ್ಕಾರ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತನಾದವ ನಾನು. ಹುಟ್ಟಿನಿಂದಲೇ ಕಣ್ಣಿಲ್ಲ. ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ ಉಂಟು: ಕಂಪ್ಯೂಟರಿನಲ್ಲಿ ಎನ್‌ವಿಡಿಎ ಹಾಕಿಕೊಂಡಿದ್ದೇನೆ, ಫೋನಿನಲ್ಲಿ ಟಾಕ್‌ಬ್ಯಾಕ್. ಇದನ್ನು ಟೈಪ್ ಮಾಡ್ತಾ ಇರುವುದೂ ನಾನೇ. ಕಾಗುಣಿತ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ತರವಾಡು ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ವರ್ಷಕ್ಕೊಮ್ಮೆ ಧರ್ಮದೈವದ ನೇಮ, ದೈವಾರಾಧನೆ. ಕುಟುಂಬಕ್ಕೆಲ್ಲ ಆಮಂತ್ರಣ ಕಳಿಸುವ ಕೆಲಸ ನನ್ನದು. ಈಗ ಎಲ್ಲರೂ ವಾಟ್ಸಾಪಿನಲ್ಲೇ ಮುಗಿಸುತ್ತಾರೆ, ಗೊತ್ತುಂಟು. ಆದರೆ ನಮ್ಮ ಹಿರಿಯರಲ್ಲಿ ಕೆಲವರು ಕಾಗದ ಬಾರದಿದ್ದರೆ "ಹೇಳಿಕೆಯೇ ಆಗಲಿಲ್ಲ" ಅಂತ ನೇಮದ ದಿನ ಚಾವಡಿಯಲ್ಲಿ ಮುಖ ಊದಿಸಿ ಕೂರುವ ಪೈಕಿ. ಹಾಗಾಗಿ 84 ಕವರು. ಇಷ್ಟು ವರ್ಷ ವಿಳಾಸ ಬರೆಯುತ್ತಿದ್ದದ್ದು ನನ್ನ ಅಕ್ಕನ ಮಗ. ಅವನಿಗೆ ಈ ವರ್ಷ ದುಬೈಯಲ್ಲಿ ಕೆಲಸ ಸಿಕ್ಕಿತು, ಹೋದ.

ಮನೆಯಲ್ಲಿ ಒಂದು ಇಂಕ್‌ಜೆಟ್ ಪ್ರಿಂಟರ್ ಉಂಟು. ಒಂದು ಹಾಳೆಯಲ್ಲಿ 24 ಲೇಬಲ್ ಇರುವ ಎ4 ಸ್ಟಿಕ್ಕರ್ ಹಾಳೆ ಸಿಗುತ್ತದಂತೆ. ನನ್ನ ತಲೆಬಿಸಿ ಏನು ಅಂದರೆ, ಹಾಳೆಯ ಮುಖ ಯಾವುದು, ಬೆನ್ನು ಯಾವುದು? ಕಿತ್ತ ಲೇಬಲ್ ನೆಟ್ಟಗೆ ಉಂಟೋ ತಲೆಕೆಳಗೋ? ಸ್ಟಾಂಪು ಎಲ್ಲಿ? ಯಾರ ಲೇಬಲ್ ಯಾರ ಕವರಿಗೆ ಅಂಟಿತು ಅಂತ ತಿಳಿಯುವುದು ಹೇಗೆ?

ನೇಮದ ಕಾಗದ ಬಿಟ್ಟು ಬೇರೆ ಒಂದು ಕಾಗದವೂ ಉಂಟು. ಅದು 85ನೆಯದ್ದು.

ನೇರಮಾತು · ಬಂಟ್ಸ್ ಹಾಸ್ಟೆಲ್

ಎಂತ ಮಾರಾಯ್ರೆ, ಇದಕ್ಕೆಲ್ಲ ಇಷ್ಟು ತಲೆಬಿಸಿಯಾ? ನನ್ನದು ಇಲ್ಲೇ ಸ್ಟೇಶನರಿ ಅಂಗಡಿ. ಕವರಿನ ಕಟ್ಟು ತನ್ನಿ, ನೀವು ಒಂದು ಚಾ ಕುಡಿಯುವಷ್ಟರಲ್ಲಿ ನಮ್ಮ ಹುಡುಗರು ಬರೆದು ಕೊಡ್ತಾರೆ. ದುಡ್ಡು ಗಿಡ್ಡು ಬೇಡ. ಊರಲ್ಲಿ ಸಹಾಯ ಮಾಡುವವರು ಇನ್ನೂ ಇದ್ದಾರೆ, ಕೇಳಲಿಕ್ಕೆ ನಾಚಿಕೆ ಯಾಕೆ?

ಹಳೆ ಎಕ್ಸ್‌ಚೇಂಜ್ · ಬಿಜೈ

ನಿಮ್ಮ ಮನಸ್ಸು ದೊಡ್ಡದು, ಚಾಕ್ಕೆ ಒಂದು ದಿನ ಖಂಡಿತ ಬರ್ತೇನೆ. ನಾಚಿಕೆಯ ಪ್ರಶ್ನೆ ಅಲ್ಲ ಇದು. ಕೇಳಿ ಕೇಳಿಯೇ ಅರವತ್ತು ದಾಟಿದವ ನಾನು.

ಟ್ರಂಕ್ ಕಾಲ್ ಕಾಲದಲ್ಲಿ ಬೋರ್ಡಿನ ಮುಂದೆ ಕೂತವ ನಾನು. ಯಾವ ಮನೆಯಿಂದ ಯಾವ ಊರಿಗೆ, ಎಷ್ಟು ಹೊತ್ತಿಗೆ, ಎಷ್ಟು ಸಲ ಕರೆ ಹೋಯಿತು, ಎಲ್ಲ ಗೊತ್ತಾಗುತ್ತಿತ್ತು. ಬಾಯಿ ಬಿಡಲಿಲ್ಲ, ಅದು ಬೇರೆ. ಆದರೆ ಮಧ್ಯದಲ್ಲಿ ಒಬ್ಬ ಕೂತಿದ್ದಾನೆ ಅಂತ ಆ ಎರಡೂ ಕಡೆಯವರಿಗೆ ಗೊತ್ತಿತ್ತು. ಅದಕ್ಕೇ ಅವರು ಅರ್ಧ ಮಾತಾಡಿ ಫೋನ್ ಇಡುತ್ತಿದ್ದರು. ಈಗ ನನ್ನ ಪ್ರತಿ ಕಾಗದದ ಮಧ್ಯದಲ್ಲಿ ಒಬ್ಬರು ಕೂತಿರುತ್ತಾರೆ.

ಹಪ್ಪಳದಕ್ಕ · ಕುಂಜಿಬೆಟ್ಟು, ಉಡುಪಿ

ಅಣ್ಣಾ, ನಿಮ್ಮ ಪ್ರಶ್ನೆ ನನಗೆ ಪೂರ್ತಿ ಅರ್ಥ ಆಯ್ತು. ನನಗೆ ಒಂದು ಕಣ್ಣಲ್ಲಿ ಬೆಳಕು ಮಾತ್ರ ಗೊತ್ತಾಗ್ತದೆ, ಅಕ್ಷರ ಕಾಣುವುದಿಲ್ಲ. ಹಲಸಿನ ಹಪ್ಪಳ, ಸಾಂತಾಣಿ, ಮಿಡಿ ಉಪ್ಪಿನಕಾಯಿ ಮಾಡಿ ಬೆಂಗಳೂರು, ಮುಂಬೈಗೆ ಅಂಚೆಯಲ್ಲಿ ಕಳಿಸ್ತೇನೆ. ಲೇಬಲ್ ವಿಷಯದಲ್ಲಿ ನಾನು ಮಾಡದ ತಪ್ಪು ಇಲ್ಲ, ಹಾಗಾಗಿ ಸ್ವಲ್ಪ ಉದ್ದ ಬರೀತೇನೆ.

ಮೊದಲು ನಾನೂ 24ರ ಹಾಳೆಯಲ್ಲೇ ಶುರು ಮಾಡಿದ್ದು. ಹತ್ತು ಲೇಬಲ್ ಒಟ್ಟಿಗೆ ಪ್ರಿಂಟ್ ಮಾಡಿ, ಹತ್ತು ಪೊಟ್ಟಣ ಸಾಲಾಗಿ ಇಟ್ಟು, ಲೆಕ್ಕ ಹಾಕಿ ಅಂಟಿಸುವುದು. ಮಧ್ಯೆ ಯಾರೋ ಬಾಗಿಲು ಬಡಿದರು, ನಾನು ಎದ್ದು ಹೋದೆ, ಬಂದು ಕೂತಾಗ ಲೆಕ್ಕ ಒಂದು ಜಾರಿತ್ತು. ಅಲ್ಲಿಂದ ಮುಂದೆ ಎಲ್ಲವೂ ಅದಲುಬದಲು. ಮಲ್ಲೇಶ್ವರದವರಿಗೆ ಹೋಗಬೇಕಾದ ಉಪ್ಪಿನಕಾಯಿ ಡೊಂಬಿವಲಿಗೆ ಹೋಯಿತು. ಡೊಂಬಿವಲಿಯವರು ಬಹಳ ಚೆನ್ನಾಗಿತ್ತು ಅಂತ ಫೋನ್ ಮಾಡಿದರು, ಅದು ಬೇರೆ ಸಂಗತಿ.

ಆಮೇಲೆ ಥರ್ಮಲ್ ಲೇಬಲ್ ಪ್ರಿಂಟರ್ ತೆಗೆದುಕೊಂಡೆ. ಕೊರಿಯರಿನವರ ಹತ್ತಿರ ಇರ್ತದಲ್ಲ, ಅದೇ ಜಾತಿ. ಇಂಕು ಇಲ್ಲ, ಬಿಸಿಯಿಂದ ಕಾಗದವೇ ಕಪ್ಪಾಗುವುದು. ಲೇಬಲ್ ಸುರುಳಿಯಲ್ಲಿ ಬರ್ತದೆ. ನಾನು 75 ಮಿ.ಮೀ. ಅಗಲ, 50 ಮಿ.ಮೀ. ಎತ್ತರದ್ದು ಬಳಸ್ತೇನೆ. ಎರಡು ಲೇಬಲ್ ಮಧ್ಯೆ ಸಂದು ಇರ್ತದೆ, ಯಂತ್ರ ಅದನ್ನು ಹಿಡಿದು ಪ್ರತಿ ಲೇಬಲಿಗೂ ತಾನೇ ನಿಲ್ತದೆ. ಹಾಗಾಗಿ ಒಂದು ಪ್ರಿಂಟ್, ಒಂದು ಅಂಟು. ಪೊಟ್ಟಣ ಎದುರಿಗೆ ಇಟ್ಟುಕೊಂಡು, ಆ ಹೆಸರಿನ ಮೇಲೆ ನಿಂತು, ಪ್ರಿಂಟ್ ಕೊಟ್ಟು, ಹರಿದು, ಅಲ್ಲೇ ಅಂಟಿಸಿ, ಆಮೇಲೆ ಮುಂದಿನ ಹೆಸರು. ಬಾಗಿಲು ಬಡಿದರೂ ಏನೂ ಜಾರುವುದಿಲ್ಲ.

ತಲೆಕೆಳಗಿನ ಪ್ರಶ್ನೆಯೂ ಅಲ್ಲೇ ಮುಗೀತದೆ. ನನ್ನ ಯಂತ್ರದಲ್ಲಿ ಅಕ್ಷರದ ತಲೆ ಮೊದಲು ಹೊರಗೆ ಬರುವುದು, ಪ್ರತಿ ಸಲವೂ ಹಾಗೇ. ಬೇರೆ ಯಂತ್ರದಲ್ಲಿ ಕಾಲು ಮೊದಲು ಬರಬಹುದು. ಒಂದೇ ಒಂದು ಸಲ ಕಣ್ಣಿದ್ದವರನ್ನು ಕೇಳಿಕೊಂಡರೆ ಆಯಿತು, ಮತ್ತೆ ಆಯುಷ್ಯಪೂರ್ತಿ ಕೇಳಬೇಕಾಗಿಲ್ಲ.

ಎರಡು ಎಚ್ಚರಿಕೆ ಮಾತ್ರ. ಥರ್ಮಲ್ ಅಕ್ಷರದ ಮೇಲೆ ಪಾರದರ್ಶಕ ಗಮ್‌ಟೇಪ್ ಎಳೀಬೇಡಿ. ಕೆಲವು ಟೇಪಿನ ಅಂಟಿಗೆ ಅಕ್ಷರ ಮಾಸಿ ಹೋಗ್ತದೆ. ಗಟ್ಟಿಯಾಗಲಿ ಅಂತ ನಾನು ಮೇಲಿಂದ ಮೇಲೆ ಎಳೆದಿದ್ದೆ, ಪೊಟ್ಟಣ ತಿರುಗಿ ಮನೆಗೆ ಬಂತು, ಮೇಲೆ ಬರೀ ಬಿಳಿ ಕಾಗದ. ಇನ್ನೊಂದು, ಆಟಿ ತಿಂಗಳ ಮಳೆಗೆ ರಟ್ಟಿನ ಪೆಟ್ಟಿಗೆ ತೇವ ಕುಡಿದಿರ್ತದೆ. ಅದರ ಮೇಲೆ ಯಾವ ಲೇಬಲೂ ನಿಲ್ಲುವುದಿಲ್ಲ. ಪೆಟ್ಟಿಗೆಯನ್ನು ಒಲೆಯ ಹತ್ತಿರ ಸ್ವಲ್ಪ ಹೊತ್ತು ಇಟ್ಟು ಆಮೇಲೆ ಅಂಟಿಸುವುದು.

ಕೀಲಿಮಣೆ · ಸುರತ್ಕಲ್

ಅಕ್ಕ ಹೇಳಿದ್ದು ಸರಿ. ಆದರೆ ವರ್ಷಕ್ಕೊಮ್ಮೆ 84 ಕವರಿಗೆ ಹೊಸ ಯಂತ್ರ ಬೇಡ ಅನ್ನುವುದಾದರೆ ಹಾಳೆಯಲ್ಲೂ ಆಗ್ತದೆ ಸಾರ್.

ವಿಳಾಸವನ್ನು ಎಕ್ಸೆಲಿನಲ್ಲಿ ಇಡಿ. ಹೆಸರು, ಮನೆ, ಊರು, ಅಂಚೆ, ಜಿಲ್ಲೆ, ಪಿನ್, ಒಂದೊಂದಕ್ಕೂ ಒಂದೊಂದು ಕಾಲಂ. ಎಲ್ಲವನ್ನೂ ಒಂದೇ ಕೋಶಕ್ಕೆ ತುರುಕಬೇಡಿ. ಆಮೇಲೆ ವರ್ಡಿನಲ್ಲಿ ಆಲ್ಟ್ ಜೊತೆ ಎಂ ಒತ್ತಿದರೆ ಮೇಲಿಂಗ್ಸ್ ಬರ್ತದೆ. ಅಲ್ಲಿ ಮೇಲ್ ಮರ್ಜ್, ಅಂದರೆ ಪಟ್ಟಿಯ ವಿಳಾಸಗಳನ್ನು ತಾನೇ ಲೇಬಲಿಗೆ ತುಂಬುವ ವ್ಯವಸ್ಥೆ, ಅದರಲ್ಲಿ ಲೇಬಲ್ಸ್. 24ರ ಹಾಳೆ ಅಂದರೆ ಅಡ್ಡಕ್ಕೆ ಮೂರು ಲೇಬಲ್, ಉದ್ದಕ್ಕೆ ಎಂಟು, ಒಂದೊಂದು ಲೇಬಲ್ ಸಾಮಾನ್ಯವಾಗಿ 64 ಮಿ.ಮೀ. ಅಗಲ, 34 ಮಿ.ಮೀ. ಎತ್ತರ. ಪೊಟ್ಟಣದ ಮೇಲೆ ಅಳತೆ ಬರೆದಿರ್ತದೆ, ಅಂಗಡಿಯಲ್ಲೇ ಓದಿಸಿಕೊಳ್ಳಿ. ಎನ್‌ವಿಡಿಎ ಈ ಕಿಟಕಿಗಳನ್ನೆಲ್ಲ ಸರಿಯಾಗಿ ಓದ್ತದೆ.

ನಿಮಗೆ 84 ಅಂದರೆ ಮೂರೂವರೆ ಹಾಳೆ. ಉಳಿದ ಅರ್ಧ ಹಾಳೆ ಎಸೆಯಬೇಡಿ. ವರ್ಡಿನ ಲೇಬಲ್ಸ್ ಕಿಟಕಿಯಲ್ಲಿ "ಸಿಂಗಲ್ ಲೇಬಲ್" ಅಂತ ಒಂದು ಆಯ್ಕೆ ಉಂಟು, ಎಷ್ಟನೇ ಅಡ್ಡಸಾಲು, ಎಷ್ಟನೇ ಕಂಬಸಾಲು ಅಂತ ಕೊಟ್ಟರೆ ಆ ಒಂದೇ ಲೇಬಲಿನಲ್ಲಿ ಅಚ್ಚು ಬೀಳ್ತದೆ. ನಿಮ್ಮ 85ನೆಯದ್ದಕ್ಕೆ ಬೇಕಾಗ್ತದೆ.

ಹಾಳೆಯ ಮುಖ ಪತ್ತೆ ಸುಲಭ. ಉಗುರಿನಿಂದ ನಿಧಾನ ಸವರಿ, ಲೇಬಲ್ ಕತ್ತರಿಸಿದ ಗೀರು ಸಿಕ್ಕಿದ್ದು ಮುಖ, ಬರೀ ನುಣುಪು ಬೆನ್ನು. ಪ್ರಿಂಟರಿಗೆ ಹಾಕುವ ಮೊದಲು ಹಾಳೆಯ ಮೇಲಿನ ಬಲಮೂಲೆಯನ್ನು ಕತ್ತರಿಯಿಂದ ಒಂಚೂರು ಕತ್ತರಿಸಿ, ಅಂಚಿನಲ್ಲಿ ಲೇಬಲ್ ಇಲ್ಲದ ಜಾಗ ಇರ್ತದೆ. ಪ್ರಿಂಟ್ ಆದಮೇಲೆ ಆ ಕತ್ತರಿಸಿದ ಮೂಲೆ ನಿಮ್ಮ ಬಲಗೈ ಮೇಲ್ಗಡೆ ಇದ್ದರೆ ಎಲ್ಲ 24 ಲೇಬಲೂ ನೆಟ್ಟಗೆ.

ಹ್ವಾಯ್ ಕುಂದಾಪ್ರ

ಹ್ವಾಯ್, ನಾನೊಂದ್ ಕೇಂತೆ. ನಮ್ಮನಿಗೆ ಡೋರ್ ನಂಬ್ರವೇ ಇಲ್ಲ. "ಹೊಳಿ ಬದಿ, ಗರಡಿ ಹತ್ರ" ಅಂದೇಳಿ ಬರೂದ್. ಈಗ ಎಂತದೋ ಡಿಜಿಪಿನ್ ಅಂದೇಳಿ ಬಂದಿತ್ತಲೆ, ಅದನ್ನ್ ಬರ್ದ್ರೆ ಪಿನ್ ಬ್ಯಾಡ್ದಾ? ಮತ್ತೊಂದ್, ಕಣ್ ಕಾಣ್ದಿದ್ದರ್ ಕಾಗ್ದಕ್ಕೆ ಸ್ಟಾಂಪೇ ಬ್ಯಾಡ ಅಂದೇಳಿ ಯಾರೋ ಹೇಳದ್ ಕೇಂಡಿದೆ. ಹೌದಾದ್ರೆ ಎಕ್ಸ್‌ಚೇಂಜ್ ಮಾವ್ನಿಗೆ ಒಳ್ಳೆ ಲಾಭ ಅಲ್ದಾ?

ನಿವೃತ್ತ ಸಾರ್ಟರ್ · ಪಾಂಡೇಶ್ವರ

ಕುಂದಾಪುರದವರ ಎರಡನೇ ಪ್ರಶ್ನೆಗೆ ಮೊದಲು ಉತ್ತರ, ಯಾಕೆಂದರೆ ಈ ತಪ್ಪು ತಿಳಿವಳಿಕೆ ಬಹಳ ಜನರಲ್ಲಿ ಉಂಟು. ಕಳಿಸುವವರಿಗೆ ಕಣ್ಣಿಲ್ಲ ಎಂಬ ಕಾರಣಕ್ಕೆ ಸ್ಟಾಂಪು ಮಾಫಿ ಇಲ್ಲ. ಮಾಫಿ ಇರುವುದು ವಸ್ತುವಿಗೆ. ಬ್ರೈಲಿನಲ್ಲಿ ಬರೆದ ಕಾಗದ, ಬ್ರೈಲ್ ಪುಸ್ತಕ, ಅಂಥವು 7 ಕೆ.ಜಿ. ತನಕ ಭೂಮಾರ್ಗದಲ್ಲಿ ಅಂಚೆವೆಚ್ಚ ಇಲ್ಲದೆ ಹೋಗುತ್ತವೆ. ಬಿಚ್ಚಿ ನೋಡಲಿಕ್ಕೆ ಆಗುವ ಹಾಗೆ ಕಟ್ಟಿರಬೇಕು, ಮೇಲೆ ಅಂಧರ ಸಾಹಿತ್ಯ ಎಂದು ಕಾಣುವ ಹಾಗೆ ಬರೆದಿರಬೇಕು. ವಿಮಾನದಲ್ಲಿ ಹೋಗಬೇಕಾದರೆ ಅದರ ಖರ್ಚು ಬೇರೆ. ಅಚ್ಚಾದ ನೇಮದ ಕಾಗದ ಇದರಲ್ಲಿ ಬರುವುದಿಲ್ಲ. 20 ಗ್ರಾಂ ಒಳಗಿನ ಕಾಗದಕ್ಕೆ 5 ರೂಪಾಯಿ, ಅಷ್ಟೇ.

ಡಿಜಿಪಿನ್ 2025ರ ಮೇಯಲ್ಲಿ ಬಂದದ್ದು. ದೇಶವನ್ನು ಸುಮಾರು 4 ಮೀಟರ್ ಉದ್ದ, 4 ಮೀಟರ್ ಅಗಲದ ಚೌಕಗಳಾಗಿ ಮಾಡಿ, ಪ್ರತಿಯೊಂದಕ್ಕೂ ಅಕ್ಷರ ಅಂಕಿ ಸೇರಿದ 10 ಸ್ಥಾನದ ಗುರುತು. ಅದು ಜಾಗ ಹೇಳುತ್ತದೆ, ಅಂಚೆ ಕಚೇರಿ ಹೇಳುವುದಿಲ್ಲ. ಪಿನ್ ಬೇಕೇ ಬೇಕು. ಹೊಳಿ ಬದಿಯ ಮನೆಗೆ ಎರಡೂ ಬರೆದರೆ ಒಳ್ಳೆಯದು, ಆದರೆ ನಿಮ್ಮ ಪೋಸ್ಟ್‌ಮನ್ ಗರಡಿಯನ್ನೇ ನಂಬುತ್ತಾನೆ, ನೋಡಿ ಬೇಕಾದರೆ.

ಪಿನ್ ಶುರುವಾದದ್ದು 1972ರ ಆಗಸ್ಟ್ 15ಕ್ಕೆ. ಅದರ ಮೊದಲು ಸೇವೆಗೆ ಸೇರಿದ ಹಿರಿಯರು ಪುತ್ತೂರಿನ ಕಥೆ ಹೇಳುತ್ತಿದ್ದರು. ನಮ್ಮ ಜಿಲ್ಲೆಯಲ್ಲೊಂದು ಪುತ್ತೂರು, ಉಡುಪಿಯ ಮಗ್ಗುಲಲ್ಲೊಂದು ಪುತ್ತೂರು, ಆಂಧ್ರದಲ್ಲಿ ಇನ್ನೊಂದು. ಕಾಗದ ಮೂರೂ ಕಡೆ ಪ್ರವಾಸ ಮಾಡುತ್ತಿತ್ತು. ಈಗ 574201 ಅಂತ ಕಂಡರೆ ಕಾಗದ ವಿಂಗಡಿಸುವ ಸಾರ್ಟರಿನ ಕೈ ತಾನಾಗಿ ಆ ಗೂಡಿಗೆ ಹೋಗುತ್ತದೆ, ಊರಿನ ಹೆಸರು ಓದುವುದೂ ಇಲ್ಲ. ಮಂಗಳೂರು ಪೇಟೆ 575ರಿಂದ ಶುರು, ಉಡುಪಿ 576, ಮಂಗಳೂರಿನ ಸುತ್ತಿನ ಊರುಗಳು ಬಹಳಷ್ಟು 574. ಕಾರ್ಕಳ ಉಡುಪಿ ಜಿಲ್ಲೆಯಾದರೂ 574104, ಅಲ್ಲಿ ಜನ ತಪ್ಪುತ್ತಾರೆ. ಎಕ್ಸೆಲಿನಲ್ಲಿ ಪಿನ್ ಪ್ರಕಾರ ಸಾಲು ಹಚ್ಚಿ ಒಮ್ಮೆ ಕೇಳಿಸಿಕೊಳ್ಳಿ. ಮಣಿಪಾಲದ ಹೆಸರಿನ ಮುಂದೆ 575 ಬಂದರೆ ಕಿವಿಗೇ ಗೊತ್ತಾಗುತ್ತದೆ.

ಎಕ್ಸ್‌ಚೇಂಜಿನವರೆ, ನೀವು ಇಲ್ಲದ ತಲೆಬಿಸಿ ಎರಡು ಮಾಡಿಕೊಂಡಿದ್ದೀರಿ. ಸ್ಟಾಂಪು ಅಂಟಿಸುವುದು ಯಾಕೆ? ಅಂಚೆ ಕಚೇರಿಯಲ್ಲಿ ಸ್ಟಾಂಪು ಅಚ್ಚಾಗಿಯೇ ಬರುವ 5 ರೂಪಾಯಿಯ ಕವರು ಸಿಗುತ್ತದೆ. ಮುಚ್ಚಳದ ಮಡಿಕೆ ಮೇಲ್ಗಡೆ ಬರುವ ಹಾಗೆ ಹಿಡಿದು, ಮಡಿಕೆ ಇಲ್ಲದ ಮುಖ ನಿಮ್ಮ ಕಡೆ ತಿರುಗಿಸಿದರೆ ಸ್ಟಾಂಪು ಬಲಮೇಲೆ. ಲೇಬಲ್ ಮಧ್ಯದಿಂದ ಸ್ವಲ್ಪ ಕೆಳಗೆ.

ಎರಡನೆಯದು, ಯಾರ ಲೇಬಲ್ ಯಾರ ಕವರಿಗೆ ಅಂತ ಕೇಳಿದ್ದೀರಲ್ಲ. 84 ಕವರಿನ ಒಳಗೂ ಇರುವುದು ಅದೇ ನೇಮದ ಕಾಗದ ಅಲ್ಲವೋ? ಯಾವುದಕ್ಕೆ ಯಾವುದು ಅಂಟಿದರೆ ಏನು ನಷ್ಟ?

ಹಳೆ ಎಕ್ಸ್‌ಚೇಂಜ್ · ಬಿಜೈ

ಸಾರ್ಟರೆ, ನಿಮ್ಮ ಕೊನೆಯ ಸಾಲು ಕೇಳಿ ನಾನು ಒಬ್ಬನೇ ಕೂತು ನಗಾಡಿದೆ. ಮೂರು ದಿನದಿಂದ ಇದಕ್ಕೆ ಬ್ರೈಲ್ ನಂಬ್ರ ಕೊಡುವುದೋ, ರಬ್ಬರ್ ಬ್ಯಾಂಡ್ ಹಾಕುವುದೋ ಅಂತ ಯೋಚನೆ ಮಾಡ್ತಾ ಇದ್ದೆ.

ಈಗ ಹೊಸ ಕಷ್ಟ. ಅಳಿಯನ ಪಟ್ಟಿಯನ್ನು ಪೆನ್‌ಡ್ರೈವಿನಿಂದ ತೆರೆದೆ. ಎನ್‌ವಿಡಿಎ "ಪಿ, ಎ ಗ್ರೇವ್, ಪೌಂಡ್, ಎ ಗ್ರೇವ್" ಅಂತ ಮಂತ್ರ ಹೇಳಲಿಕ್ಕೆ ಶುರು ಮಾಡಿತು. 84 ಜನರದ್ದೂ ಹೀಗೇ. ಕಂಪ್ಯೂಟರಿಗೆ ಏನಾದರೂ ಹಿಡಿಯಿತಾ?

ಕಾರ್‌ಸ್ಟ್ರೀಟ್ ಪ್ರೆಸ್

ಕಂಪ್ಯೂಟರಿಗೆ ಏನೂ ಆಗಲಿಲ್ಲ, ಅದು ನುಡಿ ಅನ್ನುವ ಕನ್ನಡ ತಂತ್ರಾಂಶದ ಹಳೆಯ ಫಾಂಟು. ನಮ್ಮ ಪ್ರೆಸ್ಸಿನಲ್ಲಿ ಮದುವೆ ಕಾಗದ ಇವತ್ತಿಗೂ ಅದರಲ್ಲೇ. ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳೇ, ಮೇಲೆ ಕನ್ನಡದ ವೇಷ ಹಾಕಿರ್ತದೆ. ಕಣ್ಣಿದ್ದವನಿಗೆ ವೇಷ ಕಾಣ್ತದೆ, ಓದುವ ತಂತ್ರಾಂಶಕ್ಕೆ ವೇಷದ ಒಳಗಿನ ಮನುಷ್ಯ ಕಾಣ್ತಾನೆ. ನಿಮಗೆ ಕೇಳಿಸಿದ ಮಂತ್ರ "ಕನ್ನಡ" ಅಂತ ಶುರುವಾಗುವ ಯಾವುದೋ ಸಂಘದ ಹೆಸರು ಇರಬೇಕು.

ಯೂನಿಕೋಡಿಗೆ, ಅಂದರೆ ಒಳಗೂ ಕನ್ನಡ ಅಕ್ಷರವೇ ಇರುವ ರೂಪಕ್ಕೆ, ತಿರುಗಿಸುವ ಪರಿವರ್ತಕಗಳು ಪುಕ್ಕಟೆ ಸಿಗ್ತವೆ. ತಿರುಗಿಸಿದ ಮೇಲೆ ರಕಾರದ ಅರ್ಕ ಇರುವ ಹೆಸರುಗಳನ್ನು ಒಮ್ಮೆ ಕಿವಿಗೊಟ್ಟು ಕೇಳಿ. ಹಳೆಯ ಫಾಂಟಿನಲ್ಲಿ ಅರ್ಕ ಒತ್ತುವುದು ಅಕ್ಷರದ ನಂತರ, ಹಾಗಾಗಿ ಸರಿಯಿಲ್ಲದ ಪರಿವರ್ತಕದಲ್ಲಿ ಕಾರ್ಕಳ ಹೋಗಿ "ಕಾಕರ್ಳ" ಆಗ್ತದೆ. ಅಕ್ಷರದ ಗಾತ್ರ 12 ಪಾಯಿಂಟಿಗಿಂತ ಕಡಿಮೆ ಇಡಬೇಡಿ, ಒತ್ತಕ್ಷರ ಮುದ್ದೆಯಾಗ್ತದೆ. ಹೊರರಾಜ್ಯದ ವಿಳಾಸ ಇದ್ದರೆ ಇಂಗ್ಲಿಷಿನಲ್ಲೇ ಹಾಕಿ.

ನಿಜ ಹೇಳಬೇಕಾದರೆ, ನಾವು ಅಚ್ಚು ಮಾಡಿಕೊಡುವ ಫೈಲು ಹೀಗೆ ಒಬ್ಬರಿಗೆ ಮಂತ್ರವಾಗಿ ಕೇಳಿಸ್ತದೆ ಅಂತ ನನಗೆ ಇವತ್ತೇ ಗೊತ್ತಾದದ್ದು.

ನೇರಮಾತು · ಬಂಟ್ಸ್ ಹಾಸ್ಟೆಲ್

ಇಷ್ಟೆಲ್ಲ ಓದಿದ ಮೇಲೂ ನನಗೆ ಅನಿಸುವುದು ಅದೇ, 84 ಹೆಸರು ಬರೆಯಲಿಕ್ಕೆ ಇಷ್ಟು ಜನರ ತಲೆ ಓಡಬೇಕಾ? ಕೋಪ ಮಾಡಬೇಡಿ. ಮತ್ತೆ ಲೇಬಲ್ ಬಂತು ಅಂತಲೇ ಇಟ್ಟುಕೊಳ್ಳಿ, ಕವರಿನಲ್ಲಿ ನೆಟ್ಟಗೆ ಅಂಟಿತೋ ಓರೆ ಅಂಟಿತೋ ನೋಡುವುದು ಯಾರು? ಬಿ ಮೈ ಐಸ್ ಅಂತ ಒಂದು ಆ್ಯಪ್ ಉಂಟಲ್ಲ, ವೀಡಿಯೋ ಕಾಲ್ ಮಾಡಿದರೆ ಎಲ್ಲಿಂದಲೋ ಒಬ್ಬರು ನೋಡಿ ಹೇಳ್ತಾರೆ. ಅದು ಸಾಲದಾ?

ಹಪ್ಪಳದಕ್ಕ · ಕುಂಜಿಬೆಟ್ಟು

ಅದು 2015ರಿಂದ ಉಂಟು, ನಾನೂ ಬಳಸ್ತೇನೆ. ಉಪ್ಪಿನಕಾಯಿ ಬಾಟ್ಲಿಯ ತಾರೀಕು ನೋಡಲಿಕ್ಕೆ ಅದೇ ಒಳ್ಳೆಯದು. ಗಿರಾಕಿಯ ಮನೆ ವಿಳಾಸ, ಫೋನ್ ನಂಬ್ರ ಇರುವ ಪೊಟ್ಟಣವನ್ನು ಗುರುತಿಲ್ಲದವರ ಕ್ಯಾಮೆರಾಕ್ಕೆ ಹಿಡಿಯಲಿಕ್ಕೆ ನನಗೆ ಮನಸ್ಸು ಬರುವುದಿಲ್ಲ. ಗೂಗಲ್ ಲೆನ್ಸಿನಲ್ಲಿ ಫೋಟೋ ತೆಗೆದು ಓದಿಸಿಕೊಳ್ತೇನೆ. ಅಲ್ಲಿಯೂ ಚಿತ್ರ ಎಲ್ಲಿಯೋ ಹೋಗಿ ಬರ್ತದೆ ಅಂತ ಹೇಳುವವರಿದ್ದಾರೆ, ಇರಲಿ, ಆ ಯಂತ್ರ ನಮ್ಮ ನೆಂಟರ ಮದುವೆಗೆ ಬಂದು ಬಾಯಿ ಬಿಡುವುದಿಲ್ಲ.

ಮೂಡುಬಿದಿರೆ ಟೀಚರ್

ಓರೆ ಅಂಟುವುದಕ್ಕೆ ಉಪಾಯ ಹೇಳ್ತೇನೆ, ನಾನು ದೃಷ್ಟಿದೋಷ ಇರುವ ಮಕ್ಕಳಿಗೆ ಕಲಿಸುವವಳು. ಕವರಿನ ಅಳತೆಗೇ ಒಂದು ಗಟ್ಟಿ ಹಾಳೆ ತೆಗೆದುಕೊಂಡು, ಲೇಬಲ್ ಬರಬೇಕಾದ ಜಾಗದಲ್ಲಿ ಕಿಟಕಿ ಕತ್ತರಿಸಿ. ಹಳೆಯ ಎಕ್ಸ್‌ರೇ ಫಿಲ್ಮು ಇದಕ್ಕೆ ಬಹಳ ಒಳ್ಳೆಯದು, ಬಾಗುತ್ತದೆ, ಹರಿಯುವುದಿಲ್ಲ. ಕವರಿನ ಮೇಲೆ ಇಟ್ಟು, ಕಿಟಕಿಯ ಒಳಗೆ ಲೇಬಲ್ ಕೂರಿಸಿ, ಫಿಲ್ಮು ಎತ್ತಿದರೆ ನೆಟ್ಟಗೆ ಕೂತಿರುತ್ತದೆ. ಕೆಳಗೆ ಇನ್ನೊಂದು ಸಣ್ಣ ಸೀಳು ಬಿಟ್ಟರೆ ಸಹಿ ಹಾಕಲಿಕ್ಕೂ ಅದೇ.

ಇನ್ನು ನಿಮ್ಮ 85ನೆಯ ಕಾಗದ. ಅದರ ಲೇಬಲ್ ಅದೇ ಕವರಿಗೆ ಹೋಯಿತು ಅಂತ ನಿಮಗೆ ಖಾತ್ರಿ ಬೇಕು, ಬೇರೆಯವರಿಗೆ ತಿಳಿಯಬಾರದು. ಪ್ರಿಂಟ್ ಆದ ಮೇಲೆ, ಬೆನ್ನಿನ ಕಾಗದ ಕೀಳುವ ಮೊದಲು, ಹಾಳೆಯನ್ನು ಬ್ರೈಲ್ ಸ್ಲೇಟಿನಲ್ಲಿ (ಚುಕ್ಕಿ ಚುಚ್ಚುವ ಚೌಕಟ್ಟು) ಕವುಚಿ ಇಟ್ಟು, ಆ ಲೇಬಲಿನ ಒಂದು ಮೂಲೆಯಲ್ಲಿ ಒಂದೇ ಅಕ್ಷರ ಚುಚ್ಚಿ. ಸ್ಲೇಟಿನಲ್ಲಿ ಬೆನ್ನ ಕಡೆಯಿಂದ ಬರೆಯುವುದು ನಿಮಗೆ ಹೇಳಿಕೊಡಬೇಕಾಗಿಲ್ಲ. ಲೇಬಲ್ ಕಾಗದ ದಪ್ಪ, ಚುಕ್ಕಿ ಚೆನ್ನಾಗಿ ನಿಲ್ಲುತ್ತದೆ. ಹೆಸರಿನ ಮೊದಲಕ್ಷರ "ಕ" ಆದರೆ ಬರೀ ಎರಡು ಚುಕ್ಕಿ, ಒಂದು ಮತ್ತು ಮೂರು. ಪೋಸ್ಟ್‌ಮನ್ನಿಗೆ ಅದು ಕಾಗದದ ಗುಳ್ಳೆ, ನಿಮಗೆ ಹೆಸರು. ಬ್ರೈಲ್ ಮೂಲೆ ಬಲಮೇಲೆ ಅಂತ ಇಟ್ಟುಕೊಂಡರೆ ತಲೆಕೆಳಗಿನ ಭಯವೂ ಇಲ್ಲ.

ಕೀಲಿಮಣೆ · ಸುರತ್ಕಲ್

ಟೀಚರ್ ಹೇಳಿದ್ದನ್ನು ಬ್ರೈಲ್ ಮೊದಲು, ಪ್ರಿಂಟ್ ಆಮೇಲೆ ಅಂತ ಮಾತ್ರ ಮಾಡಬೇಡಿ, ರೋಲರಿನ ಕೆಳಗೆ ಚುಕ್ಕಿ ಅಪ್ಪಚ್ಚಿ ಆಗ್ತದೆ.

ನೇರಮಾತು ಅಣ್ಣನಿಗೆ ಒಂದು ಮಾತು. 2025ರ ಏಪ್ರಿಲ್ 30ಕ್ಕೆ ಸುಪ್ರೀಂ ಕೋರ್ಟು, ಡಿಜಿಟಲ್ ಸೇವೆ ಕೈಗೆಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿತು. ಕಣ್ಣು ಕಾಣದವರಿಗೆ ಬ್ಯಾಂಕ್ ಕೆವೈಸಿಯಲ್ಲಿ ಕಣ್ಣು ಮಿಟುಕಿಸಿ ತೋರಿಸಿ ಅಂತ ಕೇಳುವ ವಿಷಯದಲ್ಲಿ ಬಂದ ಕೇಸು ಅದು. ಅಲ್ಲಿಯೂ ಯಾರನ್ನಾದರೂ ಕರೆದುಕೊಂಡು ಹೋಗಬಹುದಿತ್ತು.

ನೇರಮಾತು · ಬಂಟ್ಸ್ ಹಾಸ್ಟೆಲ್

ಕೋರ್ಟು ಕಾನೂನು ನನಗೆ ಬೇಡ ಮಾರಾಯ. ನನ್ನ ಹತ್ತಿರ ಎಕ್ಸ್‌ರೇ ಫಿಲ್ಮು ಉಂಟು, ಮೊನ್ನೆ ಮೊಣಕಾಲಿಗೆ ತೆಗೆಸಿದ್ದು. ಕವರಿನ ಅಳತೆ ಹೇಳಿ, ಬ್ಲೇಡಿನಲ್ಲಿ ಕತ್ತರಿಸಿ ಇಡ್ತೇನೆ. ಬಂದು ತೆಗೆದುಕೊಂಡು ಹೋಗಿ. ಚಾ ಬಾಕಿ ಉಂಟು.

ಹಳೆ ಎಕ್ಸ್‌ಚೇಂಜ್ · ಬಿಜೈ

ಹನ್ನೆರಡು ದಿನದ ವರದಿ. ಕೇಳಿ ನಗಬೇಡಿ.

ಮೊದಲ ದಿನ ಹಾಳೆ ಹಾಕಿದೆ, ಪ್ರಿಂಟ್ ಕೊಟ್ಟೆ, ಸದ್ದು ಸರಿಯಾಗಿಯೇ ಬಂತು. ಲೇಬಲ್ ಕಿತ್ತು ಲೆನ್ಸಿಗೆ ಹಿಡಿದರೆ "ಪಠ್ಯ ಇಲ್ಲ" ಅನ್ನುತ್ತದೆ. ಎರಡನೆಯದ್ದೂ ಇಲ್ಲ. ಆಮೇಲೆ ಬೆರಳು ಮೂಸಿದೆ, ಇಂಕಿನ ವಾಸನೆ. ಅಷ್ಟೂ 24 ವಿಳಾಸ ಹಾಳೆಯ ಬೆನ್ನಿನಲ್ಲಿ ಅಚ್ಚಾಗಿ, ನನ್ನ ಅಂಗಿಯ ಕೈಗೆ ಬಂದಿತ್ತು. ನನ್ನ ಪ್ರಿಂಟರಿನಲ್ಲಿ ಹಾಳೆ ಕೆಳಗಿನ ತಟ್ಟೆಯಿಂದ ಹೋಗಿ ಒಳಗೇ ಮಗುಚಿ ಬರುವುದು, ಮುಖ ಕೆಳಗೆ ಮಾಡಿ ಇಡಬೇಕು. ಹಿಂದಿನಿಂದ ಹಾಕುವ ಪ್ರಿಂಟರ್ ಇದ್ದವರು ಮುಖ ತಮ್ಮ ಕಡೆ ಇಡಬೇಕಂತೆ. ಇದನ್ನು ಯಾರೂ ಹೇಳಲಿಲ್ಲ ನನಗೆ, ನೆನಪಿಟ್ಟುಕೊಳ್ಳಿ. ಈಗ ಪ್ರಿಂಟ್ ಕೊಡುವ ಮೊದಲು ಸಾದಾ ಹಾಳೆಯ ಒಂದು ಮುಖಕ್ಕೆ ಬ್ರೈಲಿನಲ್ಲಿ ಗುರುತು ಹಾಕಿ, ಒಂದು ಸಾಲು ಪ್ರಿಂಟ್ ಮಾಡಿ, ಲೆನ್ಸಿನಲ್ಲಿ ಯಾವ ಮುಖಕ್ಕೆ ಬಂತು ಅಂತ ನೋಡಿಕೊಳ್ತೇನೆ.

ಪಟ್ಟಿಯಲ್ಲಿ ಇಬ್ಬರು ಎರಡೆರಡು ಸಲ ಇದ್ದರು. ನಾಲ್ವರು ತೀರಿಹೋದವರು. ಅಳಿಯ ವರ್ಷ ವರ್ಷವೂ ಅವರಿಗೂ ಕಾಗದ ಬರೆಯುತ್ತಿದ್ದನಂತೆ. ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೆಸರು ಒಂದೊಂದಾಗಿ ಕಿವಿಗೆ ಬಿದ್ದಾಗ ನನಗೆ ಗೊತ್ತಾದದ್ದು. ತೆಗೆದು ಹಾಕಲಿಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಈಗ 78.

ಫಿಲ್ಮಿನ ಕಿಟಕಿ ಪಸ್ಟ್‌ಕ್ಲಾಸ್. ನೇರಮಾತಿನವರ ಮೊಣಕಾಲಿನ ಮೂಲಕ 78 ಜನರಿಗೆ ಹೇಳಿಕೆ ಹೋಗ್ತಾ ಉಂಟು. ಒಂದು ಗಂಟೆ ನಲವತ್ತು ನಿಮಿಷ ಹಿಡಿಯಿತು.

ಕವರು ತರಲಿಕ್ಕೆ ಹೋದಾಗ ಒಂದು ಕೌಂಟರಿನಲ್ಲಿ, ಎಲ್ಲಿ ಅಂತ ಬೇಡ, "ಜೊತೆಗೆ ಯಾರೂ ಬರಲಿಲ್ಲವಾ ಅಜ್ಜ?" ಅಂತ ಕೇಳಿದರು. ಬರಲಿಲ್ಲ ಅಂದೆ. ಮತ್ತೆ ಅದನ್ನೇ ನನ್ನ ಹಿಂದೆ ನಿಂತವರ ಹತ್ತಿರ ಕೇಳಿದರು. ನೋಟು ಯಾವುದು ಅಂತ ನಾನು ಮೊದಲೇ ರಿಸರ್ವ್ ಬ್ಯಾಂಕಿನ ಮಣಿ ಆ್ಯಪಿನಲ್ಲಿ ನೋಡಿ ಬೇರೆ ಬೇರೆ ಮಡಚಿ ಇಟ್ಟುಕೊಂಡಿದ್ದೆ, ಹಾಗಾಗಿ ಎಣಿಸಿ ಕೊಟ್ಟು ಬಂದೆ.

ನಿವೃತ್ತ ಸಾರ್ಟರ್ · ಪಾಂಡೇಶ್ವರ

ಇಂಕ್‌ಜೆಟ್ ಅಕ್ಷರಕ್ಕೆ ನೀರು ಬಿದ್ದರೆ ಹರಡುತ್ತದೆ. ಒಂದು ಮೇಣದಬತ್ತಿಯನ್ನು ಲೇಬಲಿನ ಮೇಲೆ ಹಗುರಕ್ಕೆ ಸವರಿಬಿಡಿ, ಹಳೆಯ ಕಾಲದ ಉಪಾಯ. ಮತ್ತೆ ಕಳಿಸಿದವರ ವಿಳಾಸ ಮರೆಯಬೇಡಿ, ಎಡಗಡೆ ಕೆಳಗೆ. ಅದಕ್ಕೆ ಒಂದು ರಬ್ಬರ್ ಸ್ಟಾಂಪು ಮಾಡಿಸಿಕೊಂಡರೆ ಜೀವಮಾನಕ್ಕೆ ಸಾಕು, ಹಿಡಿಯ ಮುಂಭಾಗಕ್ಕೆ ಒಂದು ಗೀರು ಹಾಕಿಸಿ.

85ನೆಯದ್ದನ್ನು ಹೇಗೆ ಕಳಿಸುತ್ತೀರಿ? ರಿಜಿಸ್ಟರ್ ಮಾಡುವ ಯೋಚನೆ ಇದ್ದರೆ, 2025ರ ಸೆಪ್ಟೆಂಬರ್ 1ರಿಂದ ಅದು ಸ್ಪೀಡ್ ಪೋಸ್ಟಿನ ಜೊತೆ ಸೇರಿಹೋಗಿದೆ. ಕೌಂಟರಿನಲ್ಲಿ ನಿಮ್ಮ ಮೊಬೈಲ್ ನಂಬ್ರ ಕೊಡಿ. ರಸೀದಿ ಓದಲಿಕ್ಕೆ ಯಾರನ್ನೂ ಕೇಳಬೇಕಾಗಿಲ್ಲ, 13 ಅಕ್ಷರ ಅಂಕಿಯ ನಂಬ್ರ ಎಸ್ಸೆಮ್ಮೆಸ್ಸಿನಲ್ಲಿ ಬರುತ್ತದೆ.

ಹಳೆ ಎಕ್ಸ್‌ಚೇಂಜ್ · ಬಿಜೈ

ಸಾದಾ ಅಂಚೆಯಲ್ಲೇ ಕಳಿಸಿದೆ ಸಾರ್ಟರೆ. ಸಿಂಗಲ್ ಲೇಬಲ್, ಐದನೇ ಅಡ್ಡಸಾಲು, ಎರಡನೇ ಕಂಬಸಾಲು. ಮೂಲೆಯಲ್ಲಿ ಒಂದಕ್ಷರ ಚುಚ್ಚಿದೆ. ಮೇಣ ಸವರಿದೆ. ಕೋಲು ಹಿಡಿದು ಒಬ್ಬನೇ ನಡೆದು ಹೋಗಿ ಡಬ್ಬಿಯ ಬಾಯಿಗೆ ಹಾಕಿ, ಕೆಳಗೆ ಬಿದ್ದ ಸದ್ದು ಕೇಳಿ ಬಂದೆ. ದಾರಿಯಲ್ಲಿ ಫುಟ್‌ಪಾತಿನ ಒಂದು ಚಪ್ಪಡಿ ಎದ್ದಿತ್ತು, ಕೋಲಿಗೆ ಸಿಕ್ಕಿತು, ಬಚಾವ್.

ನೇಮದ ಕಾಗದದಲ್ಲಿ ಮೂರು ತಿರುಗಿ ಬಂದವು. ಎರಡು ಮನೆ ಬದಲಾಯಿಸಿದವರದ್ದು. ಒಂದು ಕಾರ್ಕಳದ್ದು, ಪ್ರೆಸ್ಸಿನವರು ಅಷ್ಟು ಹೇಳಿದ ಮೇಲೂ "ಕಾಕರ್ಳ" ಒಂದು ನನ್ನ ಕಿವಿ ತಪ್ಪಿಸಿಕೊಂಡಿತ್ತು, ಪಿನ್ನೂ ಬಿಟ್ಟುಹೋಗಿತ್ತು. ಒಂದು ಮನೆಗೆ ಲೇಬಲ್ ತಲೆಕೆಳಗಾಗಿ ಹೋಗಿದೆಯಂತೆ. ಆ ಅತ್ತೆ ಫೋನ್ ಮಾಡಿ, "ಈ ವರ್ಷದ ಹುಡುಗನಿಗೆ ಅಕ್ಷರ ಚೆಂದ, ಆದರೆ ಕವರು ಹಿಡಿಯಲಿಕ್ಕೆ ಬರುವುದಿಲ್ಲ" ಅಂದರು. ನಾನು ಹ್ಞೂಂ ಅಂದೆ.

ಹ್ವಾಯ್ ಕುಂದಾಪ್ರ

ಮಾವ, ಎಲ್ಲ ಸಮ ಆಯ್ತ್. ಆ 85ನೇದ್ ಯಾರಿಗ್ ಬರ್ದದ್ದ್, ಅದೊಂದ್ ಹೇಳಿನಿ?

ಹಳೆ ಎಕ್ಸ್‌ಚೇಂಜ್ · ಬಿಜೈ

ಅದಕ್ಕೇ ಅಲ್ಲವಾ ಮಾರಾಯ, ಇಷ್ಟೆಲ್ಲ ಮಾಡಿದ್ದು.